ಹಣದ ಕಷ್ಟ, ವಿದ್ಯಾರ್ಥಿಯ ಮನಸ್ಸು, ಆಪ್ತಸಮಾಲೋಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೀಸು ಕಟ್ಟಲು ದುಡ್ಡಿಲ್ಲ ಎಂದು ಹೇಳುವುದಕ್ಕಿಂತ ಓದಲು ಮನಸ್ಸಿಲ್ಲ ಎಂದುಬಿಡುವುದು ಎಷ್ಟೋ ವಿದ್ಯಾರ್ಥಿಗಳಿಗೆ ಸುಲಭ. ಹೀಗಾಗಿ ಹಣದ ಕಷ್ಟ ಬೇರೆ ಬೇರೆ ವೇಷದಲ್ಲಿ ಹೊರಬರುತ್ತದೆ. ಹಾಜರಾತಿ ತಪ್ಪುತ್ತದೆ, ಅಂಕ ಇಳಿಯುತ್ತದೆ, ಮಾತು ಕಡಿಮೆಯಾಗುತ್ತದೆ. ಸುತ್ತಲಿನವರು ಅದನ್ನು ಸೋಮಾರಿತನ ಎನ್ನುತ್ತಾರೆ. ವಿದ್ಯಾರ್ಥಿಗಳು, ಹೆತ್ತವರು, ಶಿಕ್ಷಕರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಉತ್ತರಗಳ ಹಿಂದಿರುವ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮನಸ್ಸಿಗೆ ಕೊಡುವ ನೆರವನ್ನೂ ಹಣದ ನೆರವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟರೆ ಎರಡೂ ಅರೆಬರೆಯಾಗುತ್ತವೆ.

ಹಣದ ಕಷ್ಟದಿಂದ ಮಾನಸಿಕ ತೊಂದರೆ ಬರುತ್ತದೆ ಎನ್ನುವುದು ನಿಜವೇ? ಕಷ್ಟದಲ್ಲೇ ಓದಿ ಮುಂದೆ ಬಂದವರು ಬೇಕಾದಷ್ಟು ಜನ ಇದ್ದಾರಲ್ಲ?

ಇದ್ದಾರೆ. ಅವರ ಕಥೆ ನಮಗೆ ಸಿಗುತ್ತದೆ. ಅದೇ ಕಷ್ಟದಲ್ಲಿ ಅರ್ಧಕ್ಕೇ ನಿಂತವರ ಕಥೆ ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಬಡತನ ಇರುವಲ್ಲಿ ಖಿನ್ನತೆ, ಆತಂಕ ಹೆಚ್ಚು ಎಂಬುದು ಬಹಳ ಹಿಂದಿನಿಂದ ಗೊತ್ತು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದೇ ಕಷ್ಟ. ಇದಕ್ಕೊಂದು ಒಳ್ಳೆಯ ಉತ್ತರ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಸಿಕ್ಕಿತು, ಅದೂ ಯಾರೂ ಯೋಜಿಸದೆ. ಜೇನ್ ಕಾಸ್ಟೆಲ್ಲೊ ಮತ್ತು ಸಂಗಡಿಗರು ಅಲ್ಲಿನ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು 1993ರಿಂದ ವರ್ಷವರ್ಷವೂ ಗಮನಿಸುತ್ತಿದ್ದರು. ಅವರಲ್ಲಿ ಸುಮಾರು ಕಾಲು ಭಾಗ ಚೆರೋಕಿ ಮೂಲನಿವಾಸಿ ಸಮುದಾಯದ ಮಕ್ಕಳು. ಅಧ್ಯಯನ ನಡೆಯುತ್ತಿರುವಾಗಲೇ ಆ ಸಮುದಾಯದ ನೆಲದಲ್ಲಿ ಕ್ಯಾಸಿನೊ (ಜೂಜುಕೇಂದ್ರ) ತೆರೆಯಿತು, ಲಾಭದ ಪಾಲು ಪ್ರತಿ ಕುಟುಂಬಕ್ಕೂ ಸಿಗತೊಡಗಿತು. ಯಾರ ಗುಣನಡತೆಯನ್ನೂ ನೋಡಿ ಕೊಟ್ಟ ಹಣವಲ್ಲ ಅದು, ಎಲ್ಲರಿಗೂ ಬಂತು. ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಸಿಟ್ಟು, ಹಠ, ಜಗಳದಂಥ ನಡವಳಿಕೆಯ ತೊಂದರೆಗಳು ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಇಳಿದವು. ಖಿನ್ನತೆ ಮತ್ತು ಆತಂಕದಲ್ಲಿ ಆಗ ಅಂಥ ಬದಲಾವಣೆ ಕಾಣಲಿಲ್ಲ. ಕಾರಣ ಹುಡುಕಿದಾಗ ಮುಖ್ಯವಾಗಿ ಸಿಕ್ಕಿದ್ದು, ತಂದೆತಾಯಿಗೆ ಮಕ್ಕಳತ್ತ ಗಮನ ಕೊಡಲು ಬಿಡುವು ಸಿಕ್ಕಿತ್ತು ಎಂಬುದು. ನನಗೆ ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಹಣದ ಕೊರತೆ ಮನೆಯವರ ಸಮಯವನ್ನೂ ತಾಳ್ಮೆಯನ್ನೂ ಕಸಿದುಕೊಳ್ಳುತ್ತದೆ, ಪೆಟ್ಟು ಮಕ್ಕಳಿಗೆ ಬೀಳುತ್ತದೆ.

2020ರಲ್ಲಿ ಮ್ಯಾಥ್ಯೂ ರಿಡ್ಲಿ, ಗೌತಮ್ ರಾವ್, ಫ್ರ್ಯಾಂಕ್ ಶಿಲ್ಬಾಕ್, ವಿಕ್ರಮ್ ಪಟೇಲ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಸಂಬಂಧ ಎರಡೂ ದಿಕ್ಕಿನಲ್ಲಿದೆ ಎಂಬ ತೀರ್ಮಾನಕ್ಕೆ ಬಂದರು. ಆದಾಯ ಕುಸಿದರೆ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದರೆ ದುಡಿಯುವ, ಓದುವ ಶಕ್ತಿ ಕುಗ್ಗಿ ಮತ್ತೆ ಹಣಕ್ಕೆ ಕುತ್ತು ಬರುತ್ತದೆ. ಹಾಗೆಂದು ಹಣವಿಲ್ಲದ ಪ್ರತಿ ವಿದ್ಯಾರ್ಥಿಗೂ ಕಾಯಿಲೆ ಬರುತ್ತದೆ ಎಂದಲ್ಲ. ಅಪಾಯ ಹೆಚ್ಚುತ್ತದೆ, ಅಷ್ಟೇ.

ಪುಸ್ತಕ ಹಿಡಿದು ಕೂತರೂ ತಲೆಗೆ ಏನೂ ಹತ್ತುವುದಿಲ್ಲ. ಇದಕ್ಕೂ ಹಣದ ಚಿಂತೆಗೂ ಸಂಬಂಧ ಇರಬಹುದೇ?

ಇರಬಹುದು. ಬುದ್ಧಿ ಮಂದವಾಯಿತೇನೋ ಎಂದು ಗಾಬರಿಯಾಗುವ ಮೊದಲು ಇದನ್ನು ಓದಿ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ, ಮತ್ತು ಕಟಾವಿನ ನಂತರ, ಹಣ ಬಂದ ಮೇಲೆ, ಬುದ್ಧಿಶಕ್ತಿಯ ಪರೀಕ್ಷೆಗೆ ಒಳಪಡಿಸಿದರು. ಆನಂದಿ ಮಣಿ, ಸೆಂಥಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವೊ ನಡೆಸಿದ ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತ, ಅದೇ ತಲೆ, ಆದರೆ ಕಟಾವಿಗೆ ಮೊದಲು ಅಂಕ ಕಡಿಮೆ ಬಂತು. ತುರ್ತು ಖರ್ಚಿನ ಲೆಕ್ಕ ತಲೆಯಲ್ಲಿ ಓಡುತ್ತಿರುವಾಗ ಬೇರೆ ಯೋಚನೆಗೆ ಉಳಿಯುವ ಜಾಗ ಕಡಿಮೆ ಎಂದು ಅವರು ವಿವರಿಸಿದರು. ಈ ಬಗೆಯ ಪ್ರಯೋಗಗಳನ್ನು ಬೇರೆಯವರು ಮತ್ತೆ ಮಾಡಿದಾಗ ಫಲಿತಾಂಶ ಎಲ್ಲ ಸಲವೂ ಒಂದೇ ರೀತಿ ಬಂದಿಲ್ಲ, ಪರಿಣಾಮ ಎಷ್ಟು ದೊಡ್ಡದು ಎಂಬ ಚರ್ಚೆ ಮುಗಿದಿಲ್ಲ. ಆದರೆ ಕಂತಿನ ಗಡುವು ತಲೆಯಲ್ಲಿಟ್ಟುಕೊಂಡು ಪರೀಕ್ಷೆಗೆ ಓದಿದವರಿಗೆ ಈ ಅನುಭವ ಹೊಸದಲ್ಲ.

ಚಿಂತೆಯ ಜೊತೆಗೆ ಹಸಿವು, ನಿದ್ದೆಗೇಡು, ದೂರದ ಓಡಾಟ, ಪುಸ್ತಕವೋ ಇಂಟರ್ನೆಟ್ಟೋ ಇಲ್ಲದಿರುವುದು ಸೇರಿದರೆ ಓದು ಹಿಂದೆ ಬೀಳುವುದು ಸಹಜ. ಹಿಂದೆ ಬಿದ್ದ ಓದು ಇನ್ನೊಂದು ಚಿಂತೆಯಾಗುತ್ತದೆ.

ಸಾಮಾನ್ಯ ಬೇಸರ ಯಾವುದು, ಸಹಾಯ ಬೇಕಾದ ಸ್ಥಿತಿ ಯಾವುದು ಎಂದು ತಿಳಿಯುವುದು ಹೇಗೆ?

ಎರಡು ವಾರ ಎಂಬುದು ಒಂದು ಒಳ್ಳೆಯ ಅಳತೆ. ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ದಿನವೂ ಇದ್ದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ, ಯಾರನ್ನಾದರೂ ಕಾಣುವ ಹೊತ್ತು ಬಂದಿದೆ. ಆತಂಕ ಹೆಚ್ಚಾಗಿ ದೇಹದಲ್ಲೇ ಕಾಣಿಸುತ್ತದೆ. ಎದೆ ಡವಡವ, ಹೊಟ್ಟೆ ತೊಳಸಿದಂತೆ, ಮೈಯೆಲ್ಲ ಬಿಗಿ, ಫೋನ್ ರಿಂಗಾದರೆ ಬೆಚ್ಚಿಬೀಳುವುದು.

ಹಣದ ಕಷ್ಟಕ್ಕೇ ಹತ್ತಿರವಾದ ಕೆಲವು ಚಿಹ್ನೆಗಳೂ ಇವೆ, ಪ್ರಶ್ನಾವಳಿಗಳಲ್ಲಿ ಇವು ಇರುವುದಿಲ್ಲ. ಗುಂಪಿನ ಜೊತೆ ಊಟಕ್ಕೆ ಹೋಗದೆ ತಪ್ಪಿಸಿಕೊಳ್ಳುವುದು, ಪ್ರವಾಸದ ಮಾತು ಬಂದ ದಿನ ಗೈರುಹಾಜರಾಗುವುದು, ಕಚೇರಿಯಿಂದ ಬಂದ ಪತ್ರವನ್ನು ತೆರೆಯದೇ ಇಡುವುದು, ಮನೆಗೆ ಫೋನ್ ಮಾಡುವುದನ್ನು ನಿಲ್ಲಿಸುವುದು, ಮಾತುಮಾತಿಗೂ 'ನನ್ನಿಂದ ಎಲ್ಲರಿಗೂ ಖರ್ಚು' ಎನ್ನುವುದು. ಕೊನೆಯ ಮಾತನ್ನು ಎಂದೂ ಹಗುರವಾಗಿ ತೆಗೆದುಕೊಳ್ಳಬೇಡಿ. ತಾನು ಹೊರೆ ಎಂಬ ಭಾವ ಬೆಳೆಯಲು ಬಿಡಬಾರದ ಭಾವ.

ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ಖಿನ್ನತೆಯ ಮಟ್ಟ ಅಂದಾಜಿಸಲು ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಹಾಳೆ ಕೊಡುವುದುಂಟು. 0ಯಿಂದ 27ರವರೆಗೆ ಅಂಕ. 10 ಅಥವಾ ಹೆಚ್ಚು ಬಂದರೆ ತಜ್ಞರು ಇನ್ನಷ್ಟು ವಿಚಾರಿಸುತ್ತಾರೆ. ಅದು ಜರಡಿ ಹಿಡಿಯುವ ಸಾಧನ ಮಾತ್ರ, ಅಂಕ ನೋಡಿ ನಿಮಗೆ ನೀವೇ ಕಾಯಿಲೆಯ ಹೆಸರು ಇಟ್ಟುಕೊಳ್ಳಬೇಡಿ.

ನನಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ. ನಾನು ಸಹಾಯ ಕೇಳುವುದು ಸರಿಯೇ?

ಸರಿ. ಆಪ್ತಸಮಾಲೋಚಕರು ಕಷ್ಟಗಳನ್ನು ಸಾಲಾಗಿ ನಿಲ್ಲಿಸಿ ದೊಡ್ಡದಕ್ಕೆ ಮಾತ್ರ ಸಮಯ ಕೊಡುವುದಿಲ್ಲ. ಬೇಗ ಬಂದಷ್ಟೂ ಕೆಲಸ ಹಗುರ. ಅಮೆರಿಕದಲ್ಲಿ ರೊನಾಲ್ಡ್ ಕೆಸ್ಲರ್ ತಂಡ 2005ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ನೇ ವಯಸ್ಸಿನೊಳಗೆ, ಮುಕ್ಕಾಲು ಭಾಗ 24ನೇ ವಯಸ್ಸಿನೊಳಗೆ ಶುರುವಾಗಿರುತ್ತವೆ. ಅಂದರೆ ಓದುವ ವಯಸ್ಸೇ ತೊಂದರೆ ತಲೆ ಎತ್ತುವ ವಯಸ್ಸು.

ಸಾಲ ಮಾಡಿ ಓದುತ್ತಿದ್ದೇನೆ. ರಾತ್ರಿಯೆಲ್ಲ ಅದೇ ಲೆಕ್ಕ. ಏನು ಮಾಡಲಿ?

ಸಾಲಕ್ಕೂ ಮಾನಸಿಕ ಅಸ್ವಸ್ಥತೆಗೂ ನಂಟಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಬ್ರಿಟನ್‌ನ ಥಾಮಸ್ ರಿಚರ್ಡ್‌ಸನ್ ಮತ್ತು ಸಂಗಡಿಗರು 2013ರಲ್ಲಿ ಅಂಥ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಅಡಮಾನವಿಲ್ಲದ ಸಾಲ ಇರುವವರಲ್ಲಿ ಮಾನಸಿಕ ಕಾಯಿಲೆ ಇರುವ ಸಂಭವ ಸಾಲ ಇಲ್ಲದವರ ಮೂರು ಪಟ್ಟಿನಷ್ಟು ಕಂಡಿತು. ಸಾಲವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ನಂಟು ಮಾತ್ರ ಗಟ್ಟಿ.

ರಾತ್ರಿಯ ಲೆಕ್ಕವನ್ನು ಹಗಲಿಗೆ ತನ್ನಿ. ಸಾಲ ಎಷ್ಟು, ಬಡ್ಡಿ ಎಷ್ಟು, ಮರುಪಾವತಿ ಯಾವಾಗ ಶುರು, ಓದು ಮುಗಿದ ಮೇಲೆ ಎಷ್ಟು ತಿಂಗಳ ವಿನಾಯಿತಿ, ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗೊತ್ತಿಲ್ಲದ ಸಾಲುಗಳನ್ನು ಖಾಲಿ ಬಿಟ್ಟು ಸಾಲ ಕೊಟ್ಟವರನ್ನೇ ಕೇಳಿ ತುಂಬಿಸಿ. ಎಷ್ಟೋ ಸಲ ಮೊತ್ತಕ್ಕಿಂತ ಹೆಚ್ಚು ಹೆದರಿಸುವುದು ಈ ಖಾಲಿ ಸಾಲುಗಳೇ. ಕಂತು ತಪ್ಪುವುದು ಖಚಿತವಾದರೆ ತಪ್ಪುವ ಮೊದಲೇ ಹೋಗಿ ಮಾತಾಡಿ, ಆಗ ಅವಧಿ ವಿಸ್ತರಣೆಯಂಥ ದಾರಿಗಳು ಹೆಚ್ಚು ತೆರೆದಿರುತ್ತವೆ. ಫೋನಿನ ಆ್ಯಪ್‌ಗಳಲ್ಲಿ ನಿಮಿಷಗಳಲ್ಲೇ ಸಿಗುವ ಸಾಲದಿಂದ ಹಳೆ ಸಾಲ ತೀರಿಸಲು ಮಾತ್ರ ಹೋಗಬೇಡಿ. ಯಾರಾದರೂ ಬೆದರಿಸಿದರೆ, ಫೋಟೊ ಹಂಚುತ್ತೇವೆ ಎಂದರೆ, ಅದು ಅಪರಾಧ. ಮುಚ್ಚಿಡದೆ ಪೊಲೀಸರಿಗೂ ನೀವು ನಂಬುವ ಒಬ್ಬ ಹಿರಿಯರಿಗೂ ಹೇಳಿ.

ಕೌನ್ಸೆಲಿಂಗ್‌ಗೆ ಹೋದರೆ ದುಡ್ಡು ಬರುವುದಿಲ್ಲವಲ್ಲ. ಮತ್ತೆ ಏಕೆ ಹೋಗಬೇಕು?

ಈ ಪ್ರಶ್ನೆಯನ್ನು ಕೇಳಿದವರ ಮೇಲೆ ನನಗೆ ಗೌರವ ಹೆಚ್ಚು. ಇದು ನೇರವಾದ, ನ್ಯಾಯವಾದ ಪ್ರಶ್ನೆ, ಬಹಳ ಕಡೆ ಇದಕ್ಕೆ ಪ್ರಾಮಾಣಿಕ ಉತ್ತರ ಸಿಗುವುದಿಲ್ಲ.

ಮೊದಲು ಮಿತಿಯನ್ನೇ ಹೇಳುತ್ತೇನೆ. ಕೀನ್ಯಾದ ಹಳ್ಳಿಗಳಲ್ಲಿ ಯೋಹಾನೆಸ್ ಹೌಸ್‌ಹೋಫರ್ ಮತ್ತು ಸಂಗಡಿಗರು ಕೆಲವರಿಗೆ ನಗದು ಹಣ ಕೊಟ್ಟರು, ಕೆಲವರಿಗೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಐದು ಭೇಟಿಗಳ ಸಮಾಲೋಚನೆ ಕೊಟ್ಟರು, ಇನ್ನು ಕೆಲವರಿಗೆ ಎರಡನ್ನೂ. 2020ರಲ್ಲಿ ಹೊರಬಂದ ಫಲಿತಾಂಶದಲ್ಲಿ, ಒಂದು ವರ್ಷದ ನಂತರ ಹಣ ಪಡೆದವರ ಬದುಕೂ ಮನಸ್ಸೂ ಸುಧಾರಿಸಿದ್ದವು, ಸಮಾಲೋಚನೆ ಮಾತ್ರ ಪಡೆದವರಲ್ಲಿ ಅಳೆಯುವಂಥ ಬದಲಾವಣೆ ಇರಲಿಲ್ಲ. ಹಾಗಾಗಿ ಫೀಸು ಕಟ್ಟಲಾಗದವರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದರೆ ಕರ್ತವ್ಯ ಮುಗಿಯಿತು ಎಂದು ಯಾವ ಸಂಸ್ಥೆಯೂ ಭಾವಿಸಬಾರದು.

ಇನ್ನೊಂದು ಬದಿಯೂ ಇದೆ. ಕೀನ್ಯಾದ ಅಧ್ಯಯನ ಆಯ್ದದ್ದು ಸಾಮಾನ್ಯ ಜನರನ್ನು. ಆಗಲೇ ಖಿನ್ನತೆ, ಆತಂಕದಿಂದ ಬಳಲುತ್ತಿದ್ದವರ ಜೊತೆ ಕೆಲಸ ಮಾಡಿದಾಗ ಚಿತ್ರ ಬೇರೆ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯಲ್ಲಿ ಶುರುಮಾಡಿದ 'ಫ್ರೆಂಡ್‌ಶಿಪ್ ಬೆಂಚ್' ಯೋಜನೆಯಲ್ಲಿ ತರಬೇತಿ ಪಡೆದ ಅಜ್ಜಿಯರು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತು ಮಾತಾಡಿಸುತ್ತಾರೆ. ಅವರ ಕ್ರಮ ಸರಳ: ನಿಮ್ಮ ಕಷ್ಟಗಳನ್ನೆಲ್ಲ ಹೇಳಿ, ಅದರಲ್ಲಿ ಒಂದನ್ನು ಆರಿಸಿ, ಈ ವಾರ ಅದಕ್ಕೆ ಏನು ಮಾಡಬಹುದು ನೋಡೋಣ. 573 ಜನರ ಮೇಲೆ ನಡೆದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಬೆಂಚಿನ ನೆರವು ಪಡೆದವರ ತೊಂದರೆ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿತ್ತು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಹದಿಹರೆಯದವರಿಗೂ ಇದೇ ಜಾಡಿನ ಕ್ರಮವನ್ನು ಪರೀಕ್ಷಿಸಲಾಗಿದೆ. ಸಮಸ್ಯೆ ಯಾವುದು, ಇರುವ ಆಯ್ಕೆಗಳೇನು, ಒಂದನ್ನು ಮಾಡಿ ನೋಡು ಎಂಬ ಮೂರು ಹೆಜ್ಜೆ.

ವಿದ್ಯಾರ್ಥಿಗೆ ಇದು ಕೆಲಸಕ್ಕೆ ಬರುವುದು ಹೀಗೆ. ಖಿನ್ನತೆಯಲ್ಲಿರುವವರಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬುವುದೇ ಬೆಟ್ಟ ಹತ್ತಿದಂತೆ. ದಾಖಲೆ ಹುಡುಕಬೇಕು, ಸಹಿ ಮಾಡಿಸಬೇಕು, ಕಚೇರಿಯಲ್ಲಿ ಬಾಯಿಬಿಟ್ಟು ಕೇಳಬೇಕು, ಆಗುವುದಿಲ್ಲ ಎಂದರೆ ಇನ್ನೊಂದು ಸಲ ಹೋಗಬೇಕು. ಹಣದ ದಾರಿ ಇದ್ದೂ ಅದರತ್ತ ನಡೆಯಲು ಕಾಲು ಏಳುವುದಿಲ್ಲ. ಆ ಶಕ್ತಿಯನ್ನು ಮರಳಿ ಕೂಡಿಸುವುದು ಸಮಾಲೋಚನೆಯ ಕೆಲಸ. ಒಳ್ಳೆಯ ಸಮಾಲೋಚಕರು ನಿಮ್ಮ ಜೊತೆ ಕೂತು ಅರ್ಜಿಯ ಕೊನೆಯ ದಿನಾಂಕವನ್ನೂ ನೋಡುತ್ತಾರೆ, ಯಾರನ್ನು ಕಾಣಬೇಕೆಂದು ಹೇಳುತ್ತಾರೆ, ಬೇಕಾದರೆ ಒಂದು ಪತ್ರ ಬರೆದುಕೊಡುತ್ತಾರೆ. ನಿಮ್ಮ ಸಮಾಲೋಚಕರು ಹಣದ ಬಗ್ಗೆ ಕೇಳದಿದ್ದರೆ ನೀವೇ ಎತ್ತಿ. 'ನನ್ನ ತೊಂದರೆಯ ಬುಡದಲ್ಲಿ ದುಡ್ಡಿನ ವಿಷಯ ಇದೆ' ಎಂಬ ಒಂದು ವಾಕ್ಯ ಸಾಕು.

ಮೊದಲ ಭೇಟಿಯಲ್ಲಿ ಏನು ನಡೆಯುತ್ತದೆ?

ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಏನಾಗುತ್ತಿದೆ, ಯಾವಾಗಿನಿಂದ, ನಿದ್ದೆ-ಊಟ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಸಾಯುವ ಯೋಚನೆ ಬಂದಿದೆಯೇ ಎಂದು ಕೇಳುತ್ತಾರೆ. ಎಲ್ಲಕ್ಕೂ ಅಂದೇ ಉತ್ತರಿಸಬೇಕಿಲ್ಲ. ಅತ್ತರೂ ಪರವಾಗಿಲ್ಲ, ಸುಮ್ಮನೆ ಕೂತರೂ ಪರವಾಗಿಲ್ಲ. ಔಷಧಿ ಬೇಕೆನಿಸಿದರೆ ಮನೋವೈದ್ಯರ ಬಳಿ ಕಳಿಸುತ್ತಾರೆ, ಸಮಾಲೋಚಕರು ಔಷಧಿ ಬರೆಯುವುದಿಲ್ಲ. ಒಂದೆರಡು ಭೇಟಿಯ ನಂತರವೂ ಮಾತು ಕೂಡಿಬರದಿದ್ದರೆ ಬೇರೆಯವರನ್ನು ಕೇಳುವ ಹಕ್ಕು ನಿಮಗಿದೆ, ಅದರಲ್ಲಿ ಅವಮಾನ ಮಾಡಿದಂತೇನೂ ಆಗುವುದಿಲ್ಲ.

ನಾನು ಹೇಳಿದ್ದು ಮನೆಗೆ ಅಥವಾ ಪ್ರಾಂಶುಪಾಲರಿಗೆ ಗೊತ್ತಾಗುತ್ತದೆಯೇ?

ಗೌಪ್ಯತೆ ಈ ವೃತ್ತಿಯ ಅಡಿಪಾಯ. ಜೀವಕ್ಕೆ ಅಪಾಯ, ಮಗುವಿನ ಮೇಲೆ ದೌರ್ಜನ್ಯ, ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭಗಳಲ್ಲಿ ಅದನ್ನು ಮೀರಬೇಕಾಗುತ್ತದೆ. ನೀವು ಅಪ್ರಾಪ್ತರಾಗಿದ್ದರೆ ಪೋಷಕರ ಒಪ್ಪಿಗೆಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. 'ಇಲ್ಲಿ ಹೇಳಿದ್ದು ಯಾರಿಗೆ ಹೋಗುತ್ತದೆ? ಎಲ್ಲಿ ಬರೆದಿಡುತ್ತೀರಿ?' ಎಂದು ಮೊದಲ ಐದು ನಿಮಿಷದಲ್ಲೇ ಕೇಳಿ. ಸ್ಪಷ್ಟ ಉತ್ತರ ಸಿಗುವವರೆಗೆ ಮುಂದಿನದು ಹೇಳಬೇಕಿಲ್ಲ.

ಕೌನ್ಸೆಲಿಂಗ್‌ಗೇ ಹಣವಿಲ್ಲ.

ಮೊದಲು ಶಾಲೆ, ಕಾಲೇಜಿನ ಸಮಾಲೋಚನಾ ಕೇಂದ್ರ ಕೇಳಿ, ಹೆಚ್ಚಿನ ಕಡೆ ಅದು ಉಚಿತ. ಆಮೇಲೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗ, ಮನಃಶಾಸ್ತ್ರ ಕಲಿಸುವ ವಿಶ್ವವಿದ್ಯಾಲಯಗಳ ತರಬೇತಿ ಕ್ಲಿನಿಕ್‌ಗಳು, ಉಚಿತ ದೂರವಾಣಿ ಸೇವೆಗಳು. ಖಾಸಗಿ ಸಮಾಲೋಚಕರಲ್ಲೂ ಆದಾಯ ನೋಡಿ ಶುಲ್ಕ ಇಳಿಸುವವರಿದ್ದಾರೆ, ಕೇಳದೆ ಅದು ತಿಳಿಯುವುದಿಲ್ಲ.

ಬದುಕುವುದೇ ಬೇಡ ಅನ್ನಿಸುತ್ತಿದೆ.

ಈ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಹತ್ತಿರದಲ್ಲಿರುವ ಯಾರನ್ನಾದರೂ ಎಬ್ಬಿಸಿ, ಕರೆಯಿರಿ, 'ನನಗೆ ಹೀಗೆ ಅನ್ನಿಸುತ್ತಿದೆ, ಜೊತೆಗಿರು' ಎನ್ನಿ. ಸಹಾಯವಾಣಿಗೆ ಕರೆ ಮಾಡಿ: ಭಾರತದಲ್ಲಿ ಟೆಲಿ-ಮಾನಸ್ 14416, ಅಮೆರಿಕದಲ್ಲಿ 988, ಬ್ರಿಟನ್‌ನಲ್ಲಿ ಸಮರಿಟನ್ಸ್ 116 123, ಎಲ್ಲವೂ ಹಗಲು ರಾತ್ರಿ ಉಚಿತ. ಬೇರೆ ದೇಶದಲ್ಲಿದ್ದರೆ ಅಲ್ಲಿನ ತುರ್ತು ಸಂಖ್ಯೆಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಿಮಗೆ ನೀವೇ ಅಪಾಯ ಮಾಡಿಕೊಳ್ಳಬಹುದಾದ ವಸ್ತು ಕೈಗೆ ಸಿಗುವಂತಿದ್ದರೆ ಅದನ್ನು ಬೇರೆಯವರಿಗೆ ಕೊಟ್ಟುಬಿಡಿ. ಸಾಲಕ್ಕೆ, ಬಾಕಿ ಫೀಸಿಗೆ, ತಪ್ಪಿದ ಪರೀಕ್ಷೆಗೆ ದಾರಿಗಳಿವೆ. ಇಂದು ರಾತ್ರಿ ಅವು ಕಣ್ಣಿಗೆ ಕಾಣದಿರಬಹುದು, ಕಾಣದಿರುವುದು ಕಾಯಿಲೆಯ ಲಕ್ಷಣವೇ.

ಗೆಳೆಯನ ಅಥವಾ ಗೆಳತಿಯ ಬಗ್ಗೆ ಅನುಮಾನವಿದ್ದರೆ 'ಸಾಯಬೇಕು ಅನ್ನಿಸುತ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ತಲೆಗೆ ಬರುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಗುಟ್ಟಾಗಿಡು ಎಂದರೆ ಒಪ್ಪಬೇಡಿ.

ನಾವು ಹೆತ್ತವರು. ಮನೆಯ ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಕೇ, ಹೇಳಬೇಕೇ?

ಹೇಳಿ, ವಯಸ್ಸಿಗೆ ತಕ್ಕಷ್ಟು. ಮುಚ್ಚಿಟ್ಟರೂ ಮಕ್ಕಳಿಗೆ ತಿಳಿಯುತ್ತದೆ. ಅಡುಗೆಮನೆಯ ಪಿಸುಮಾತು ಕೇಳಿ ಅವರು ಕಟ್ಟಿಕೊಳ್ಳುವ ಕಥೆ ನಿಜಕ್ಕಿಂತ ಭೀಕರವಾಗಿರುತ್ತದೆ. 'ಈ ವರ್ಷ ಕೈ ಬಿಗಿಯಿದೆ, ನಿನ್ನ ಫೀಸಿಗೆ ಹೀಗೆ ಯೋಚಿಸಿದ್ದೇವೆ, ಇದು ನಿನ್ನಿಂದಾದದ್ದಲ್ಲ' ಎಂದು ಹೇಳಿದರೆ ಅವರಿಗೂ ನೆಲ ಸಿಗುತ್ತದೆ. 'ನಿನಗಾಗಿ ಎಷ್ಟು ಸಾಲ ಮಾಡಿದ್ದೇವೆ ಗೊತ್ತಾ' ಎಂಬ ಮಾತನ್ನು ದಯವಿಟ್ಟು ಬಿಡಿ. ಓದಲಿ ಎಂಬ ಆಸೆಯಿಂದಲೇ ನೀವು ಹಾಗೆ ಹೇಳುತ್ತೀರಿ, ಆದರೆ ಅದು ಅವರ ಎದೆಯ ಮೇಲೆ ಕೂರುತ್ತದೆ. ನಿಮ್ಮ ಮನಸ್ಸೂ ದಣಿದಿದ್ದರೆ ನೀವೂ ಯಾರೊಂದಿಗಾದರೂ ಮಾತಾಡಿ.

ಶಿಕ್ಷಕರಾಗಿ, ಸಂಸ್ಥೆಯಾಗಿ ನಾವು ಏನು ಮಾಡಬಹುದು?

ಮೊದಲ ಕೆಲಸಕ್ಕೆ ಹಣವೇ ಬೇಕಿಲ್ಲ. ಫೀಸು ಬಾಕಿ ಇರುವವರ ಹೆಸರನ್ನು ತರಗತಿಯಲ್ಲಿ ಓದುವುದು, ಫಲಕದಲ್ಲಿ ಹಾಕುವುದು, ಪರೀಕ್ಷೆಯ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಿಸುವುದು ಇವತ್ತೇ ನಿಲ್ಲಬೇಕು. ನಲವತ್ತು ಜನರ ಎದುರು ಎದ್ದು ನಿಂತ ಆ ಒಂದು ನಿಮಿಷವನ್ನು ಮಕ್ಕಳು ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ. ಬಾಕಿಯ ವಿಷಯವನ್ನು ಖಾಸಗಿಯಾಗಿ, ಕಂತಿನ ಆಯ್ಕೆಯೊಂದಿಗೆ ತಿಳಿಸಿ.

ನೆರವಿನ ಅರ್ಜಿಯಲ್ಲಿ ವಿದ್ಯಾರ್ಥಿ ತನ್ನ ಬಡತನವನ್ನು ಪ್ರಬಂಧವಾಗಿ ಬರೆದು ಸಾಬೀತುಪಡಿಸುವಂತೆ ಮಾಡಬೇಡಿ. ದಾಖಲೆ ಸಾಕು. ತುರ್ತಿಗೆ, ಒಂದೆರಡು ದಿನದಲ್ಲಿ ಕೈಗೆ ಸಿಗುವ ಸಣ್ಣ ನಿಧಿಯಿರಲಿ. ಪರೀಕ್ಷಾ ಶುಲ್ಕದಷ್ಟು ಸಣ್ಣ ಮೊತ್ತ ಇಲ್ಲದೆ ಓದು ನಿಂತುಹೋಗುವುದನ್ನು ತಡೆಯುವುದು ಅಂಥ ನಿಧಿಯೇ. ಸಮಾಲೋಚಕರಿಗೂ ವಿದ್ಯಾರ್ಥಿವೇತನ ವಿಭಾಗದವರಿಗೂ ಪರಸ್ಪರ ಪರಿಚಯವಿರಲಿ, ವಿದ್ಯಾರ್ಥಿಯ ಒಪ್ಪಿಗೆ ಪಡೆದು ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುವಂತಿರಲಿ.

ಸಂಖ್ಯೆಯ ಮಾತೂ ಬೇಕು. ಅಮೆರಿಕದ ಶಾಲಾ ಸಮಾಲೋಚಕರ ಸಂಘ 250 ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕ ಇರಬೇಕು ಎನ್ನುತ್ತದೆ. ಸಾವಿರಾರು ಮಕ್ಕಳಿಗೆ ಒಬ್ಬರನ್ನು ನೇಮಿಸಿ, ಅವರಿಗೇ ಪ್ರವೇಶಾತಿಯ ಕೆಲಸವನ್ನೂ ಹೊರಿಸಿದರೆ ಸಮಾಲೋಚನೆ ಬಾಗಿಲ ಮೇಲಿನ ಹಲಗೆಯಲ್ಲಷ್ಟೇ ಉಳಿಯುತ್ತದೆ.

ಕೆಲಸ ಮಾಡಿಕೊಂಡು ಓದಬಹುದೇ?

ಬಹುದು, ಎಷ್ಟೋ ಜನರಿಗೆ ಅದರಿಂದ ಧೈರ್ಯವೂ ಬರುತ್ತದೆ. ನಿದ್ದೆಯನ್ನು ಕಾವಲಿಗಿಟ್ಟುಕೊಳ್ಳಿ: 18 ದಾಟಿದವರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10. ರಾತ್ರಿ ಪಾಳಿಯಿಂದ ಅದು ವಾರಗಟ್ಟಲೆ ತಪ್ಪುತ್ತಿದ್ದರೆ ಪಾಳಿ ಬದಲಿಸಲು ನೋಡಿ.

ಓದು ಬಿಟ್ಟು ದುಡಿಯಲು ಹೋಗುವುದೇ ಸರಿ ಅನ್ನಿಸುತ್ತಿದೆ.

ಕೆಲವರಿಗೆ ಅದೇ ಸರಿಯಾದ ನಿರ್ಧಾರ ಆಗಿರಬಹುದು, ನಾನು ಬೇಡ ಎನ್ನುವುದಿಲ್ಲ. ಆದರೆ ಮನಸ್ಸು ತೀರ ಕುಗ್ಗಿರುವ ವಾರದಲ್ಲಿ ಈ ನಿರ್ಧಾರ ಮಾಡಬೇಡಿ. ಖಿನ್ನತೆ ಇದ್ದಾಗ ಎಲ್ಲ ದಾರಿಗಳೂ ಮುಚ್ಚಿದಂತೆ ಕಾಣುತ್ತವೆ, ತೆರೆದಿರುವವೂ ಸೇರಿ. ಮೊದಲು ಒಬ್ಬ ಸಮಾಲೋಚಕರನ್ನು, ಒಬ್ಬ ಶಿಕ್ಷಕರನ್ನು, ವಿದ್ಯಾರ್ಥಿವೇತನ ವಿಭಾಗದ ಒಬ್ಬರನ್ನು ಕಂಡು ಮಾತಾಡಿ. ಪೂರ್ತಿ ಬಿಡುವುದರ ಬದಲು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ವಿರಾಮ ತೆಗೆದುಕೊಳ್ಳಲು ಆಗುತ್ತದೆಯೇ, ಕಡಿಮೆ ವಿಷಯ ತೆಗೆದುಕೊಳ್ಳಬಹುದೇ, ದೂರಶಿಕ್ಷಣಕ್ಕೆ ಬದಲಾಗಬಹುದೇ ಎಂದು ಕೇಳಿ. ವಿರಾಮ ತೆಗೆದುಕೊಂಡರೆ ವಿದ್ಯಾರ್ಥಿವೇತನಕ್ಕೂ ಸಾಲದ ಮರುಪಾವತಿಗೂ ಏನಾಗುತ್ತದೆ ಎಂಬುದನ್ನೂ ಆಗಲೇ ವಿಚಾರಿಸಿ. ಬಿಡಲೇಬೇಕಾಗಿ ಬಂದರೆ ಅಂಕಪಟ್ಟಿ, ವರ್ಗಾವಣೆ ಪತ್ರ ಪಡೆದುಕೊಳ್ಳಿ, ಮರಳಿ ಸೇರಲು ಎಷ್ಟು ವರ್ಷದ ಗಡುವಿದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.